ಹತ್ತು ದಿನ ಮೊದಲು

ಕಾಶಿಗೆ ಹೊರಟವರನ್ನು ಊರ ಗಡಿಯವರೆಗೆ ಹೋಗಿ ಬೀಳ್ಕೊಡುತ್ತಿದ್ದ ಕಾಲವೊಂದಿತ್ತು. ಹೋದವರು ಹಿಂದಿರುಗಿ ಬಂದಾರೆಂಬ ಭರವಸೆ ಯಾರಿಗೂ ಇರುತ್ತಿರಲಿಲ್ಲ. ಆದ್ದರಿಂದಲೇ ಹಿರಿಯರು ಸಾಲಸೋಲ ತೀರಿಸಿ, ಹೊಲಮನೆಗಳ ವಿಷಯವನ್ನು ಮಕ್ಕಳಿಗೆ ಹೇಳಿ, ಕಣ್ಣೀರಿನ ನಡುವೆ ಹೊರಡುತ್ತಿದ್ದರು. ನಮ್ಮ ನೆರೆಯ ಮುಸಲ್ಮಾನರ ಮನೆಗಳಲ್ಲಿ ಹಜ್ ಯಾತ್ರೆಗೆ ಹೊರಡುವವರ ಪದ್ಧತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸಾಲ ತೀರಿರಬೇಕು, ಉಯಿಲು ಬರೆದಿಟ್ಟಿರಬೇಕು, ಹಿಂದಿರುಗುವವರೆಗೆ ಮನೆಯವರ ಅನ್ನವಸ್ತ್ರಕ್ಕೆ ಏರ್ಪಾಡಾಗಿರಬೇಕು. ಬಂಧುಗಳ, ನೆರೆಹೊರೆಯವರ ಬಾಗಿಲಿಗೆ ಹೋಗಿ ‘ಕಹಾ ಸುನಾ ಮಾಫ್ ಕರ್‌ನಾ’ ಎಂದು, ಆಡಿದ ಕೇಳಿದ ಮಾತುಗಳಿಗೆಲ್ಲ ಕ್ಷಮೆ ಬೇಡಬೇಕು. ವಿಮಾನವು ಕೆಲವೇ ಗಂಟೆಗಳಲ್ಲಿ ಜಿದ್ದಾ ನಗರಕ್ಕೆ ಮುಟ್ಟಿಸುವ ಈ ದಿನಗಳಲ್ಲಿಯೂ ಆ ಬೇಡಿಕೆಯ ಧ್ವನಿಯಲ್ಲಿರುವ ಗಾಂಭೀರ್ಯ ಕುಂದಿಲ್ಲ.

ಈ ಏರ್ಪಾಡುಗಳ ಸಾಲಿನಲ್ಲಿ ಇನ್ನೊಂದು ಸೇರಿಕೊಂಡಿದೆ. ಅದು ತೋಳು ಚಾಚಿ ಚುಚ್ಚುಮದ್ದು ಹಾಕಿಸಿಕೊಳ್ಳುವುದು. ಯಾತ್ರೆಯ ಕಾಲ ಸಮೀಪಿಸಿದಾಗ ಜಿಲ್ಲೆ ಜಿಲ್ಲೆಗಳಲ್ಲಿ ಹಜ್ ಯಾತ್ರಿಕರಿಗೆ ತರಬೇತಿಯ ಶಿಬಿರಗಳೂ ಲಸಿಕೆಯ ಶಿಬಿರಗಳೂ ನಡೆಯುತ್ತವೆ. ಮುದುಕರು, ಮುದುಕಿಯರು, ಅವರ ಕೈಹಿಡಿದು ಬಂದ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಸೂಜಿ ಚುಚ್ಚುತ್ತಾರೆ, ಎರಡು ಹನಿ ಬಾಯಿಗೆ ಬಿಡುತ್ತಾರೆ, ಪುಸ್ತಕದಲ್ಲಿ ಮೊಹರು ಒತ್ತುತ್ತಾರೆ. ಬಹುಮಂದಿಗೆ ಇದು ರಹದಾರಿಯ ಭಾವಚಿತ್ರದಂತೆಯೇ ಸರ್ಕಾರದ ಇನ್ನೊಂದು ಕಟ್ಟಳೆ. ಮೊಹರು ಬಿದ್ದರೆ ಸಾಕು, ಸೂಜಿ ಯಾವಾಗ ಚುಚ್ಚಿದರೇನು, ಚುಚ್ಚದಿದ್ದರೇನು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಆ ಸೂಜಿಯ ಹಿಂದೆ ಎಂತಹ ಇತಿಹಾಸವಿದೆ, ಅದು ಯಾರನ್ನು ಕಾಪಾಡುವುದಕ್ಕಾಗಿ ಇದೆ ಎಂಬುದನ್ನು ಬಲ್ಲವರು ಹಾಗೆ ಹೇಳಲಾರರು.

1865ನೆಯ ವರ್ಷ. ಮೆಕ್ಕೆಯಲ್ಲಿ ಆ ಸಲ ನೆರೆದವರು ಸುಮಾರು 90,000 ಜನರೆಂದು ಅಂದಾಜು. ಪೂರ್ವ ದೇಶಗಳ ಹಡಗುಗಳೊಡನೆ ಬಂದ ಕಾಲರಾ ರೋಗ ಆ ಜನಸಾಗರದ ನಡುವೆ ಕಾಣಿಸಿಕೊಂಡಿತು. ಅಲ್ಲಿ ಸತ್ತವರೇ 15,000 ಎಂದು ಆ ಕಾಲದ ಲೆಕ್ಕ. ಅದಕ್ಕೂ ಹೆಚ್ಚು ಎನ್ನುವವರುಂಟು. ಉಳಿದವರು ಹೆದರಿ ಊರಿನ ದಾರಿ ಹಿಡಿದರು. ಅದು ಹೊಸ ಯಂತ್ರಗಳ ಕಾಲ. ಉಗಿಹಡಗು ಸೂಯೆಜಿಗೆ ಮುಟ್ಟಿಸಿತು, ಅಲ್ಲಿಂದ ಉಗಿಬಂಡಿ ಅಲೆಕ್ಸಾಂಡ್ರಿಯಕ್ಕೆ ಮುಟ್ಟಿಸಿತು. ಒಂಟೆಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತಿದ್ದಾಗ ರೋಗಿ ದಾರಿಯಲ್ಲಿಯೇ ಗುಣವಾಗುತ್ತಿದ್ದ, ಇಲ್ಲವೆ ದಾರಿಯಲ್ಲಿಯೇ ಮಣ್ಣಾಗುತ್ತಿದ್ದ. ರೋಗವೂ ಮರಳುಗಾಡಿನಲ್ಲಿಯೇ ಇಂಗಿಹೋಗುತ್ತಿತ್ತು. ಈಗ ಅದು ಜೀವಂತವಾಗಿಯೇ ಬಂದರು ತಲಪಿತು. ಕೆಲವೇ ವಾರಗಳಲ್ಲಿ ಮಾರ್ಸೇಲ್ಸ್, ಕಾನ್‌ಸ್ಟಾಂಟಿನೋಪಲ್ ನಗರಗಳಲ್ಲಿ ಹೆಣಗಳು ಬಿದ್ದವು. ಮರುವರ್ಷ ಅಮೆರಿಕದಲ್ಲಿಯೂ ಹಾವಳಿಯಾಯಿತು. ವೇಗವಾಗಿ ಚಲಿಸುವ ವಿದ್ಯೆಯನ್ನು ಮನುಷ್ಯನು ರೋಗಕ್ಕೂ ಕಲಿಸಿಕೊಟ್ಟಂತಾಯಿತು.

ಯೂರೋಪಿನ ರಾಷ್ಟ್ರಗಳು ಬೆಚ್ಚಿಬಿದ್ದು 1866ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಮ್ಮೇಳನ ಸೇರಿದವು. ಅಲ್ಲಿಂದ ಮುಂದೆ ನಡೆದ ಇಂತಹ ಸಮ್ಮೇಳನಗಳಲ್ಲಿ ಹಜ್ ಯಾತ್ರೆಯ ಮಾತು ಬಾರದ ಸಮ್ಮೇಳನ ವಿರಳ; 1894ರ ಪ್ಯಾರಿಸ್ ಸಮ್ಮೇಳನವಂತೂ ಬಹುಮಟ್ಟಿಗೆ ಇದೇ ವಿಷಯಕ್ಕಾಗಿ ಸೇರಿದುದು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಮೂಲವನ್ನು ಹುಡುಕುತ್ತ ಹೋದರೆ ಮೆಕ್ಕೆಯ ದಾರಿ ಎದುರಾಗುತ್ತದೆ. ಯೂರೋಪಿಯನ್ನರಿಗೆ ಇದ್ದ ಕಳವಳ ತಮ್ಮ ಬಂದರುಗಳ ವಿಷಯದಲ್ಲಿಯೇ ಹೊರತು ಸಾಯುತ್ತಿದ್ದ ಯಾತ್ರಿಕರ ವಿಷಯದಲ್ಲಿ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬ್ರಿಟಿಷರಾದರೋ ತಮ್ಮ ಹಡಗುಗಳ ವ್ಯಾಪಾರಕ್ಕೆ ತೊಡಕಾಗುವುದೆಂದು ನಿರ್ಬಂಧಗಳನ್ನು ಬಹುಕಾಲ ವಿರೋಧಿಸುತ್ತಲೇ ಬಂದರು.

ಫಲವನ್ನು ಉಂಡವನು ಭಾರತದ ಬಡ ಯಾತ್ರಿಕ. ಮುಂಬಯಿಯಲ್ಲಿ ಹಡಗು ಹತ್ತಿದವನು ಕೆಂಪು ಸಮುದ್ರದ ಬಾಯಿಯ ಬಳಿ ಕಾಮರಾನ್ ಎಂಬ ದ್ವೀಪದಲ್ಲಿ ಇಳಿಯಬೇಕು. 1882ರಲ್ಲಿ ಅಲ್ಲಿ ತುರ್ಕಿಯ ಸರ್ಕಾರ ಕ್ವಾರಂಟೈನ್ ಠಾಣೆಯನ್ನು ತೆರೆದಿತ್ತು. ಬಟ್ಟೆಬರೆಗಳನ್ನು ಉಗಿಯಲ್ಲಿ ಬೇಯಿಸಿ, ದಿನಗಟ್ಟಲೆ ಬಿಸಿಲಿನಲ್ಲಿ ಕೂರಿಸಿ, ಅದಕ್ಕೆ ಅವನಿಂದಲೇ ಸುಂಕ ವಸೂಲು ಮಾಡುತ್ತಿದ್ದರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಮರುವರ್ಷ ಅಲ್ಲಿಂದ ಯಾತ್ರೆಯೇ ನಿಂತಿತು. ಅದೇ ಪ್ಲೇಗು 1898ರಲ್ಲಿ ರೈಲಿನಲ್ಲಿ ಕುಳಿತು ಬೆಂಗಳೂರಿಗೂ ಬಂದಿತೆಂಬುದು ನಮ್ಮವರಿಗೆ ತಿಳಿದ ಕಥೆ.

ಉತ್ತರದ ಕಡೆ ಸಿನಾಯ್ ಕರಾವಳಿಯಲ್ಲಿ ಎಲ್ ತೋರ್ ಎಂಬ ಇನ್ನೊಂದು ಠಾಣೆ ಇತ್ತು. ಹಿಂದಿರುಗುವ ಯಾತ್ರಿಕರನ್ನು ಅಲ್ಲಿ ತಡೆಯುತ್ತಿದ್ದರು. 1905ರಲ್ಲಿ ಗಾಟ್ಷ್‌ಲಿಕ್ ಎಂಬ ಜರ್ಮನ್ ವೈದ್ಯ ಅಲ್ಲಿ ಸತ್ತ ಯಾತ್ರಿಕರ ಕರುಳಿನಲ್ಲಿ ಕಾಲರಾದ ಹೊಸ ಬಗೆಯ ಅಣುಜೀವಿಯನ್ನು ಕಂಡ. ಸತ್ತವರಲ್ಲಿ ಕಾಲರಾದ ಲಕ್ಷಣವೇ ಇರಲಿಲ್ಲವಾದ್ದರಿಂದ ಅದನ್ನು ಬಹುಕಾಲ ಯಾರೂ ಹೆಚ್ಚಾಗಿ ಲೆಕ್ಕಿಸಲಿಲ್ಲ. 1961ರಲ್ಲಿ ಇಂಡೋನೇಷ್ಯದಿಂದ ಹೊರಟು ಪ್ರಪಂಚವನ್ನೆಲ್ಲ ಸುತ್ತಿದ ಕಾಲರಾ ಈ ‘ಎಲ್ ತೋರ್’ ಬಗೆಯದೇ. ಆ ಪಾಳುಠಾಣೆಯ ಹೆಸರು ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿತು.

ತಡೆದು ಕೂರಿಸುವುದಕ್ಕಿಂತ ಹೊರಡುವ ಮುನ್ನವೇ ದೇಹವನ್ನು ಸಿದ್ಧಗೊಳಿಸುವುದು ಮೇಲು ಎಂಬ ತಿಳಿವಳಿಕೆ ಬರಲು ಕಾಲ ಹಿಡಿಯಿತು. ಹಡಗಿನ ಯಾತ್ರೆಯ ಕೊನೆಯ ದಶಕಗಳಲ್ಲಿ ಯಾತ್ರಿಕನ ಕೈಯಲ್ಲಿ ಎರಡು ಪತ್ರಗಳಿರಬೇಕಾಗಿತ್ತು: ಸಿಡುಬಿನ ದಾಕು ಹಾಕಿಸಿಕೊಂಡುದಕ್ಕೆ ಒಂದು, ಕಾಲರಾ ಸೂಜಿ ಚುಚ್ಚಿಸಿಕೊಂಡುದಕ್ಕೆ ಒಂದು. ಇವೆರಡೂ ಈಗಿಲ್ಲ, ಇಲ್ಲವಾದುದಕ್ಕೆ ಕಾರಣಗಳು ಮಾತ್ರ ಬೇರೆ ಬೇರೆ. ಆ ಕಾಲದ ಕಾಲರಾ ಸೂಜಿಯಿಂದ ರೋಗ ದೇಶದಿಂದ ದೇಶಕ್ಕೆ ಹರಡುವುದು ತಪ್ಪುವುದಿಲ್ಲವೆಂದು ಕಂಡುಬಂದುದರಿಂದ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪತ್ರದ ನಿಯಮವನ್ನು ಕೈಬಿಟ್ಟಿತು. ಸಿಡುಬಿನದಾದರೆ ಆ ಮಾರಿಯೇ ಭೂಮಿಯಿಂದ ನಿರ್ಮೂಲವಾಯಿತು. 1980ರಲ್ಲಿ ಅದರ ಘೋಷಣೆಯಾಯಿತು. ಅದಕ್ಕೆ ಎಂಟು ವರ್ಷ ಮೊದಲು, 1972ರಲ್ಲಿ, ಹಜ್ ಮುಗಿಸಿ ಇರಾಕಿನ ಮೂಲಕ ಊರಿಗೆ ಮರಳಿದ ಯುಗೋಸ್ಲಾವಿಯದ ಯಾತ್ರಿಕನೊಬ್ಬನಿಂದ ಆ ದೇಶದಲ್ಲಿ 175 ಜನಕ್ಕೆ ಸಿಡುಬು ತಗುಲಿ 35 ಜನ ಸತ್ತರು. ಆ ಯಾತ್ರಿಕನಿಗೆ ಆದುದು ಬಹಳ ಅಲ್ಪ; ಸತ್ತವರು ಮೆಕ್ಕೆಯನ್ನು ಕಂಡವರೇ ಅಲ್ಲ.

ಈ ಕೊನೆಯ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಮುಂದೆ ಹೋಗುವ ಮುನ್ನ ಕನ್ನಡದ ಮೇಷ್ಟರ ಚಪಲವೊಂದನ್ನು ಓದುಗರು ಮನ್ನಿಸುವರೆಂದು ನಂಬಿದ್ದೇನೆ. ಹಳೆಯ ಮೈಸೂರಿನ ಕಡೆ ನಮ್ಮ ಅಜ್ಜಿಯರು ‘ದಾಕು’ ಎಂದರು. ನಮ್ಮ ತಾಯಂದಿರು ‘ಚುಚ್ಚುಮದ್ದು’ ಎಂದರು. ಈಗ ವರ್ತಮಾನ ಪತ್ರಿಕೆಗಳ ಪ್ರಭಾವದಿಂದ ‘ಲಸಿಕೆ’ ಎಂಬುದು ಮನೆಮಾತಾಗಿದೆ. ಸಂಸ್ಕೃತದ ಲಸೀಕಾ ಎಂದರೆ ದೇಹದೊಳಗಿನ ತಿಳಿಯಾದ ರಸ. ಇಂಗ್ಲಿಷಿನವರ ‘ವ್ಯಾಕ್ಸೀನ್’ ಎಂಬ ಶಬ್ದ ಲ್ಯಾಟಿನ್ ಭಾಷೆಯ ಹಸುವಿನಿಂದ ಬಂದುದು. ಹಸುವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ಗೆದ್ದ ನೆನಪು ಅದರಲ್ಲಿದೆ. ಇಷ್ಟಾದರೂ ಮೂರರಲ್ಲಿ ನನಗೆ ಪ್ರಿಯವಾದುದು ಚುಚ್ಚುಮದ್ದೇ. ನೋವನ್ನೂ ಗುಣವನ್ನೂ ಒಂದೇ ಉಸಿರಿನಲ್ಲಿ ಹೇಳುವ ಪ್ರಾಮಾಣಿಕತೆ ಅದಕ್ಕಿದೆ.

ಇಂದಿನ ಹಜ್ ಯಾತ್ರಿಕನಿಗೆ ಕಡ್ಡಾಯವಾಗಿರುವ ಮುಖ್ಯ ಚುಚ್ಚುಮದ್ದು ಮೆನಿಂಜೈಟಿಸ್ ರೋಗಕ್ಕೆ ಸಂಬಂಧಿಸಿದುದು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಗೆ ಬರುವ ಬಾವು ಇದು. ಇದಕ್ಕೆ ಕಾರಣಗಳು ಹಲವು. ಯಾತ್ರೆಯಲ್ಲಿ ಹೆದರಬೇಕಾದುದು ಮೆನಿಂಗೊಕಾಕಸ್ ಎಂಬ ಅಣುಜೀವಿಗೆ. ಬೆಳಿಗ್ಗೆ ಜ್ವರ, ತಲೆನೋವು. ಮಧ್ಯಾಹ್ನಕ್ಕೆ ಕತ್ತು ಬಗ್ಗದು, ಬೆಳಕು ಕಣ್ಣಿಗೆ ಒಗ್ಗದು. ಕೆಲವರಿಗೆ ಮೈಮೇಲೆ ಕೆಂಗಂದು ಚುಕ್ಕೆಗಳು. ರಾತ್ರಿಯಾಗುವ ವೇಳೆಗೆ ಪ್ರಾಣ ಹೋದರೂ ಹೋದೀತು. ತಕ್ಕ ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲಿಯೂ ಕಿವುಡಾದವರು, ಕೈಕಾಲು ಕಳೆದುಕೊಂಡವರು ಇದ್ದಾರೆ. ಇದರ ವಿಚಿತ್ರವೆಂದರೆ, ಈ ಅಣುಜೀವಿ ಎಷ್ಟೋ ಆರೋಗ್ಯವಂತರ ಗಂಟಲಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಅತಿಥಿಯಂತೆ ವಾಸವಾಗಿರುತ್ತದೆ. ಕೆಮ್ಮು, ಸೀನು, ಒಂದೇ ಲೋಟದ ನೀರು, ಇಕ್ಕಟ್ಟಾದ ಕೋಣೆಯ ನಿದ್ದೆ, ಇವುಗಳ ಮೂಲಕ ಒಬ್ಬರ ಗಂಟಲಿನಿಂದ ಇನ್ನೊಬ್ಬರ ಗಂಟಲಿಗೆ ದಾಟುತ್ತದೆ. ಹದಿನೇಳು ಹದಿನೆಂಟು ಲಕ್ಷ ಜನ ಒಂದೇ ಕಣಿವೆಯ ಡೇರೆಗಳಲ್ಲಿ ಮಲಗಿ, ಒಂದೇ ಮಂದಿರವನ್ನು ಸುತ್ತುವ ಸ್ಥಳಕ್ಕಿಂತ ಅದಕ್ಕೆ ಬೇರೆ ಸುಗ್ಗಿ ಬೇಕೆ?

1987ರ ಹಜ್ಜಿನಲ್ಲಿ ಈ ರೋಗದ ‘ಎ’ ಗುಂಪು ದೊಡ್ಡ ಹಾವಳಿ ಮಾಡಿತು. ಅದಾದ ಮೇಲೆ ಸೌದಿ ಸರ್ಕಾರ ಚುಚ್ಚುಮದ್ದನ್ನು ಕಡ್ಡಾಯಗೊಳಿಸಿತು. ಆಗಿನ ಮದ್ದು ‘ಎ’ ಮತ್ತು ‘ಸಿ’ ಗುಂಪುಗಳಿಗೆ ಮಾತ್ರ ಸಾಕಾಗುತ್ತಿತ್ತು. ಹನ್ನೆರಡು ವರ್ಷ ನೆಮ್ಮದಿಯಾಗಿ ಕಳೆದವು. 2000ದಲ್ಲಿ ಬಾಗಿಲು ಹಾಕಿದ ಕಡೆ ಬಿಟ್ಟು ಕಿಟಕಿಯ ಕಡೆಯಿಂದ ಕಳ್ಳ ಬಂದ. ‘ಡಬ್ಲ್ಯು-135’ ಎಂಬ ಗುಂಪಿನ ರೋಗ ಕಾಣಿಸಿಕೊಂಡಿತು. ಯಾತ್ರಿಕರಲ್ಲಿಯೂ ಅವರ ಸಂಪರ್ಕಕ್ಕೆ ಬಂದವರಲ್ಲಿಯೂ ಸೇರಿ ಹಲವು ದೇಶಗಳಲ್ಲಿ 400ಕ್ಕೂ ಹೆಚ್ಚು ಜನ ಆ ವರ್ಷ ಈ ರೋಗಕ್ಕೆ ತುತ್ತಾದರು.

ಆ ವರ್ಷ ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ರೋಗ ಬಂದವರಲ್ಲಿ ಯಾತ್ರೆಗೆ ಹೋಗಿದ್ದವರಿಗಿಂತ ಹೋಗದವರೇ ಹೆಚ್ಚು. ಹಾಜಿ ಆರೋಗ್ಯವಾಗಿಯೇ ಮನೆಗೆ ಬಂದಿದ್ದಾನೆ. ಬಾಗಿಲಲ್ಲಿ ಕಾದಿದ್ದ ಮೊಮ್ಮಗುವನ್ನು ಎತ್ತಿ ಮುತ್ತಿಟ್ಟಿದ್ದಾನೆ. ಜಮ್‌ಜಮ್ ನೀರನ್ನೂ ಖರ್ಜೂರವನ್ನೂ ತನ್ನ ಕೈಯಾರ ಹಂಚಿದ್ದಾನೆ. ಗಂಟಲಿನಲ್ಲಿದ್ದ ಅತಿಥಿಯ ಸುಳಿವು ಅವನಿಗಿಲ್ಲ. ವಾರ ಕಳೆಯುವುದರೊಳಗೆ ಜ್ವರ ಏರಿದುದು ಆ ಮಗುವಿಗೆ. ನಾನು ಈ ಲೇಖನ ಬರೆಯಲು ಕುಳಿತುದಕ್ಕೆ ಈ ಸಂಗತಿಯೇ ಕಾರಣ. ಚುಚ್ಚುಮದ್ದು ಹಾಕಿಸಿಕೊಳ್ಳುವುದೋ ಬಿಡುವುದೋ ತನ್ನ ಮೈಗೆ ಸಂಬಂಧಿಸಿದ ವಿಚಾರವೆಂದು ತಿಳಿದಿರುವವರು ಈ ಮೊಮ್ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2001ರಲ್ಲಿ ಮತ್ತೆ ಅದೇ ಹಾವಳಿಯಾಯಿತು. 2002ರಿಂದ ಎ, ಸಿ, ವೈ, ಡಬ್ಲ್ಯು-135 ಎಂಬ ನಾಲ್ಕು ಗುಂಪುಗಳಿಗೂ ಸಲ್ಲುವ ಮದ್ದನ್ನೇ ಹಾಕಿಸಿಕೊಂಡಿರಬೇಕೆಂಬ ನಿಯಮ ಬಂದಿತು. ಅದೇ 2002ರಲ್ಲಿ ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ ಡಬ್ಲ್ಯು-135 ಗುಂಪಿನ ರೋಗ ಸುಮಾರು 13,000 ಜನರನ್ನು ಹಿಡಿಯಿತೆಂದರೆ ಎಚ್ಚರಿಕೆ ಅತಿಯಾಗಿರಲಿಲ್ಲವೆಂದು ತಿಳಿಯುತ್ತದೆ. ನಿಯಮ ಬಂದಂದಿನಿಂದ ಹಜ್ಜಿನಲ್ಲಿ ಅಂತಹ ದೊಡ್ಡ ಹಾವಳಿ ಮರುಕಳಿಸಿಲ್ಲ.

ಇನ್ನು ಹತ್ತು ದಿನದ ಮಾತು. ಸೌದಿ ನೆಲವನ್ನು ಮುಟ್ಟುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಈ ಚುಚ್ಚುಮದ್ದು ಆಗಿರಬೇಕು. ಇದು ಗುಮಾಸ್ತರು ಹುಟ್ಟಿಸಿದ ಲೆಕ್ಕವಲ್ಲ. ಸೂಜಿಯ ಮೂಲಕ ಒಳಗೆ ಹೋಗುವುದು ರಕ್ಷಣೆಯಲ್ಲ; ಶತ್ರುವಿನ ಗುರುತು ಮಾತ್ರ. ಆ ಗುರುತನ್ನು ನೋಡಿ, ತಕ್ಕ ಆಯುಧಗಳನ್ನು ದೇಹ ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ವಾರ, ಹತ್ತು ದಿನ ಬೇಕೇ ಬೇಕು. ವಿಮಾನ ಹತ್ತುವ ಹಿಂದಿನ ದಿನ ಚುಚ್ಚಿಸಿಕೊಂಡವನ ಪುಸ್ತಕದಲ್ಲಿ ಮೊಹರು ಇರುತ್ತದೆ, ಮೈಯಲ್ಲಿ ಬಲವಿರುವುದಿಲ್ಲ. ದುಡ್ಡು ಕೊಟ್ಟು ಬರಿಯ ಚೀಟಿ ಸಂಪಾದಿಸುವವನ ಬುದ್ಧಿವಂತಿಕೆಯ ವಿಷಯದಲ್ಲಿ ಏನು ಹೇಳುವುದು? ದೇವರ ಮನೆಗೆ ಹೊರಡುವವನು ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲಿಟ್ಟಂತಾಯಿತು.

ಮದ್ದಿನಲ್ಲಿ ಎರಡು ಬಗೆಗಳುಂಟು. ಪಾಲಿಸ್ಯಾಕರೈಡ್ ಎಂಬ ಹಳೆಯ ಬಗೆಯದು ಮೂರು ವರ್ಷಕ್ಕೆ ಸಲ್ಲುತ್ತದೆ. ಕಾಂಜುಗೇಟ್ ಎಂಬ ಹೊಸ ಬಗೆಯದು ಐದು ವರ್ಷಕ್ಕೆ. ಹಳೆಯದು ಹಾಕಿಸಿಕೊಂಡವರನ್ನು ರೋಗದಿಂದ ಕಾಪಾಡೀತು, ಗಂಟಲಿನ ಅತಿಥಿಯನ್ನು ಹೊರಗೆ ಹಾಕಲಾರದು. ಹೊಸದಕ್ಕೆ ಆ ಶಕ್ತಿಯೂ ಒಂದಿಷ್ಟು ಉಂಟೆಂದು ವೈದ್ಯರ ಅಭಿಪ್ರಾಯ. ಮನೆಯಲ್ಲಿ ಉಳಿಯುವವರ ದೃಷ್ಟಿಯಿಂದ ಅದೇ ಮೇಲು. ಯಾವ ಬಗೆಯದೆಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು; ಇಲ್ಲವಾದರೆ ಮೂರೇ ವರ್ಷವೆಂದು ಎಣಿಸುವರು.

ಹಜ್ ಸಮಿತಿಯ ಮೂಲಕ ಹೋಗುವವರಿಗೆ ಶಿಬಿರಗಳ ಅನುಕೂಲವಿದೆ. ವರ್ಷದ ಯಾವ ಕಾಲದಲ್ಲಾದರೂ ಹೋಗಬಹುದಾದ ಉಮ್ರಾ ಎಂಬ ಕಿರುಯಾತ್ರೆಯವರಿಗೆ ಸಾಮಾನ್ಯವಾಗಿ ಶಿಬಿರದ ಕರೆ ಬರುವುದಿಲ್ಲ, ಬಂಧುಗಳ ಗಲಾಟೆಯೂ ಇರುವುದಿಲ್ಲ. ವಾರದ ರಜೆಯಲ್ಲಿ ಹೋಗಿ ಬರುವವರುಂಟು. ಉದಾಸೀನ ಹುಟ್ಟುವುದು ಇಲ್ಲಿಯೇ. 2024ರ ಏಪ್ರಿಲ್‌ನಿಂದ ಮೇ ನಡುಭಾಗದವರೆಗೆ ಅಮೆರಿಕ, ಫ್ರಾನ್ಸ್, ಇಂಗ್ಲೆಂಡ್ ದೇಶಗಳಲ್ಲಿ ಉಮ್ರಾ ಯಾತ್ರೆಗೆ ಸಂಬಂಧಿಸಿ ಹನ್ನೆರಡು ಜನಕ್ಕೆ ಮೆನಿಂಗೊಕಾಕಸ್ ರೋಗ ಬಂದಿತು. ಅವರಲ್ಲಿ ಇಬ್ಬರು ಯಾತ್ರೆಗೆ ಹೋದವರಲ್ಲ, ಹೋಗಿ ಬಂದವರ ಹತ್ತಿರದವರು. ಹನ್ನೆರಡರಲ್ಲಿ ಒಂಬತ್ತು ಜನ ಮದ್ದು ಹಾಕಿಸಿಕೊಂಡಿರಲಿಲ್ಲ. ಉಳಿದ ಮೂವರ ವಿಷಯ ತಿಳಿದುಬಂದಿರಲಿಲ್ಲ.

ಶಿಬಿರದಲ್ಲಿ ಬಾಯಿಗೆ ಬಿಡುವ ಎರಡು ಹನಿ ಪೋಲಿಯೋದ್ದು. ಮಕ್ಕಳಿಗೆ ಬರುವ ರೋಗಕ್ಕೆ ಎಪ್ಪತ್ತರ ಮುದುಕನಿಗೇಕೆ ಹನಿ ಎಂದು ನಗುವವರುಂಟು. ಪೋಲಿಯೋ ವಿಷಾಣುವು ತನಗೇನೂ ಮಾಡದೆ ಹಿರಿಯರ ಕರುಳಿನಲ್ಲಿ ಪ್ರಯಾಣ ಮಾಡಬಲ್ಲುದು. ಭಾರತದಲ್ಲಿ ಕೊನೆಯ ಪೋಲಿಯೋ ರೋಗಿ ಕಂಡುಬಂದುದು 2011ರ ಜನವರಿ 13ರಂದು; 2014ರಲ್ಲಿ ನಮ್ಮ ದೇಶಕ್ಕೆ ಮುಕ್ತಿಯ ಪ್ರಮಾಣಪತ್ರ ದೊರೆಯಿತು. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಅದಿನ್ನೂ ಬೇರುಬಿಟ್ಟು ನಿಂತಿದೆ. ಅಲ್ಲಿಯವರೂ ಇಲ್ಲಿಯವರೂ ಕಲೆಯುವ ಸ್ಥಳವದು. ಅಷ್ಟು ಕಷ್ಟಪಟ್ಟು ಹೊರಹಾಕಿದ ಮಾರಿಯನ್ನು ಮತ್ತೆ ಮನೆಗೆ ಕರೆತರಬಾರದೆಂದೇ ಈ ಹನಿ. ಇದಲ್ಲದೆ ಇನ್‌ಫ್ಲುಯೆಂಜದ ಚುಚ್ಚುಮದ್ದು ಒಂದುಂಟು. ವಯಸ್ಸಾದವರು, ಎದೆಯ ಬೇನೆ, ಸಕ್ಕರೆ ಕಾಯಿಲೆ ಇರುವವರು ಹಾಕಿಸಿಕೊಳ್ಳುವುದು ಅಗತ್ಯ. ಹಜ್ಜಿನ ಕೆಮ್ಮು ಎಂಬುದು ಯಾತ್ರಿಕರ ಬಾಯಲ್ಲಿ ಗಾದೆಯಂತೆ ನಿಂತಿದೆ. ಅದು ಅಂಟದೆ ಮನೆಗೆ ಬಂದವನೇ ಭಾಗ್ಯಶಾಲಿ. ಕೋವಿಡ್ ಹಾವಳಿಯನ್ನಂತೂ ಯಾರೂ ಮರೆತಿರಲಾರರು. 2020ರಲ್ಲಿ ಹೊರದೇಶದಿಂದ ಒಬ್ಬರನ್ನೂ ಬರಗೊಡದೆ, ಒಳಗಿದ್ದ ಕೆಲವೇ ಜನರಿಂದ ಹಜ್ ನಡೆಯಿತು. 2021ರಲ್ಲಿ 60,000 ಜನಕ್ಕೆ ಮಿತಿ. ವಿಶಾಲವಾದ ಆ ಪ್ರಾಕಾರದಲ್ಲಿ ದೂರ ದೂರ ಬಿಡಿಸಿಟ್ಟ ಚುಕ್ಕೆಗಳಂತೆ ಯಾತ್ರಿಕರು ನಡೆಯುತ್ತಿದ್ದ ಚಿತ್ರವನ್ನು ಕಂಡವರ ಮನಸ್ಸು ಕಲಕಿತ್ತು.

ಚುಚ್ಚುಮದ್ದಿನ ಜೊತೆಗೆ ವೈದ್ಯರ ಪರೀಕ್ಷೆಯೂ ಆಗಿ, ಯಾತ್ರೆಗೆ ದೇಹ ತಕ್ಕುದೆಂಬ ಪತ್ರ ಬೇಕು. ಚುಚ್ಚುಮದ್ದಿಗೆ ಹೆದರದವರು ಈ ಪರೀಕ್ಷೆಗೆ ಹೆದರುತ್ತಾರೆ. ನಮ್ಮ ಕಾಲೇಜಿನಲ್ಲಿ ಚರಿತ್ರೆ ಬೋಧಿಸುವ ಮಿತ್ರರೊಬ್ಬರ ತಾಯಿ ಹಜ್ಜಿಗೆ ಹೊರಡುವವರಿದ್ದರು. ಅರವತ್ತೇಳು ವರ್ಷ. ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದ ಮಕ್ಕಳನ್ನು ಓದಿಸಿದ ಜೀವ. ಮಹಡಿ ಹತ್ತಿದರೆ ಏದುಸಿರು ಬರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಸೊಸೆ ಗಮನಿಸಿ ಗಂಡನಿಗೆ ತಿಳಿಸಿದ್ದಳು. ನಾನು ಹೋದಾಗ ಮನೆಯಲ್ಲಿ ಇದೇ ವಾದ ನಡೆಯುತ್ತಿತ್ತು.

“ನೀವಾದರೂ ಹೇಳಿ ಮೇಷ್ಟ್ರೆ ಇವನಿಗೆ. ಇಪ್ಪತ್ತು ವರ್ಷದಿಂದ ಒಂದೊಂದು ರೂಪಾಯಿ ಕೂಡಿಟ್ಟಿದ್ದೇನೆ. ಡಾಕ್ಟರು ಬೇಡ ಎಂದುಬಿಟ್ಟರೆ?”

“ಅಮ್ಮೀ, ಅಲ್ಲಿ ಹೋಗಿ ಬಿದ್ದುಬಿಟ್ಟರೆ?” ಎಂದರು ಮಿತ್ರರು.

“ಬಿದ್ದರೆ ಅಲ್ಲಿಯೇ ಮಣ್ಣಾಗುತ್ತೇನೆ. ಅದಕ್ಕಿಂತ ದೊಡ್ಡ ಭಾಗ್ಯ ಯಾರಿಗೆ ಸಿಗುತ್ತದೆ?”

ಆ ಮಾತಿಗೆ ಉತ್ತರ ಕೊಡುವ ಯೋಗ್ಯತೆ ನನಗಿರಲಿಲ್ಲ. ಪುಣ್ಯಭೂಮಿಯಲ್ಲಿ ದೇಹ ಬಿಡಬೇಕೆಂಬ ಹಂಬಲವನ್ನು ಕಾಶಿಯ ಕಥೆ ಕೇಳಿ ಬೆಳೆದವನು ಹೇಗೆ ಅಲ್ಲಗಳೆಯಲಿ? ಮಿತ್ರರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಅರಫಾತಿನಲ್ಲಿ ಬಿದ್ದರೆ, ನಿಮ್ಮನ್ನು ಹೊತ್ತು ಆಸ್ಪತ್ರೆಗೆ ಓಡುವ ನಿಮ್ಮ ತಮ್ಮನ ಹಜ್ ಏನಾಗಬೇಕು ಅಮ್ಮೀ?” ಎಂದರು. ಜೊತೆಯಲ್ಲಿ ಹೋಗುವವರು ಆಕೆಯ ತಮ್ಮ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ವೈದ್ಯರಲ್ಲಿಗೆ ಹೋದರು. ಬೇಡವೆಂದು ವೈದ್ಯರು ಹೇಳಲಿಲ್ಲ. ರಕ್ತದೊತ್ತಡದ ಮಾತ್ರೆ ಬದಲಿಸಿ, ಮೂರು ತಿಂಗಳು ದಿನವೂ ನಡೆಯಬೇಕೆಂದರು, ದೂರದ ದಾರಿಗಳಿಗೆ ಗಾಲಿಕುರ್ಚಿ ಹಿಡಿಯಬೇಕೆಂದರು. ಆ ಬೇಸಗೆಯೆಲ್ಲ ನಮ್ಮ ಕಾಲೇಜಿನ ಮೈದಾನದಲ್ಲಿ ನಸುಕಿನಲ್ಲಿ ತಾಯಿಯೂ ಮಗನೂ ಸುತ್ತು ಹಾಕುತ್ತಿದ್ದರು. ಹೋಗಿ ಬಂದರು.

ರೋಗವನ್ನು ಮರೆಮಾಚಿ ಹೋಗುವುದು ಭಕ್ತಿಯೆಂದು ಭಾವಿಸುವವರು ಇಸ್ಲಾಂ ಧರ್ಮದಲ್ಲಿಯೇ ಇರುವ ಮಾತನ್ನು ಕೇಳಬೇಕು. ಹಜ್ ಕರ್ತವ್ಯವಾಗಿರುವುದು ಶಕ್ತನಾದವನಿಗೆ. ಆ ಶಕ್ತಿಯಲ್ಲಿ ಹಣದಂತೆಯೇ ದೇಹಬಲವೂ ಸೇರಿದೆ. ಖಲೀಫ ಉಮರರು ಏಳನೆಯ ಶತಮಾನದಲ್ಲಿ ಸಿರಿಯಕ್ಕೆ ಹೊರಟು, ಅಲ್ಲಿ ಪ್ಲೇಗು ಹಬ್ಬಿದೆಯೆಂದು ತಿಳಿದಾಗ ದಾರಿಯಲ್ಲಿಯೇ ಹಿಂದಿರುಗಿದರು. ದೈವಸಂಕಲ್ಪದಿಂದ ಓಡಿಹೋಗುವುದೇ ಎಂದು ಆಕ್ಷೇಪ ಬಂದಿತು. ಹಿಂದಿರುಗುವುದೂ ಅದೇ ಸಂಕಲ್ಪಕ್ಕೆ ಸೇರಿದುದೆಂಬ ಅರ್ಥದ ಉತ್ತರವನ್ನು ಅವರು ಕೊಟ್ಟರೆಂದು ಪ್ರಸಿದ್ಧಿ. ರೋಗವಿರುವ ಊರಿಗೆ ಹೋಗಬೇಡಿರಿ, ರೋಗವಿರುವ ಊರಿನಿಂದ ಹೊರಗೆ ಓಡಬೇಡಿರಿ ಎಂಬ ಪ್ರವಾದಿಗಳ ಉಪದೇಶವನ್ನು ಸಂಗಡಿಗರೊಬ್ಬರು ಆಗಲೇ ನೆನಪಿಸಿದರಂತೆ.

ಚುಚ್ಚುಮದ್ದಿಗೆ ಬಗ್ಗದ ಶತ್ರುವೊಂದಿದೆ, ಅದು ಬಿಸಿಲು. 2024ರ ಜೂನ್ 17ರಂದು ಮೆಕ್ಕೆಯ ಮಹಾಮಸೀದಿಯ ಬಳಿ ಉಷ್ಣಮಾನ 51.8 ಡಿಗ್ರಿಗೆ ಏರಿತು. ಆ ಹಜ್ಜಿನಲ್ಲಿ 1,301 ಜನ ಸತ್ತರೆಂದು ಸೌದಿ ಸರ್ಕಾರವೇ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 83 ಮಂದಿ ಅನುಮತಿ ಇಲ್ಲದೆ ಹೋಗಿ, ಡೇರೆಯ ನೆರಳಾಗಲಿ ವಾಹನವಾಗಲಿ ಇಲ್ಲದೆ ಸುಡುಬಿಸಿಲಿನಲ್ಲಿ ಬಹುದೂರ ನಡೆದವರು. ಚಾಂದ್ರಮಾನದ ಲೆಕ್ಕದಿಂದ ಹಜ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಮುಂದಿನ ವರ್ಷಗಳಲ್ಲಿ ಕಡುಬೇಸಗೆ ತಪ್ಪುತ್ತ ಹೋಗುವುದು ನಿಜ. ಆದರೂ ನಮ್ಮ ರಾಯಚೂರು, ಕಲಬುರಗಿಗಳ ಮೇ ತಿಂಗಳನ್ನು ಬಲ್ಲವರು ಮೆಕ್ಕೆಯ ಮೇ ತಿಂಗಳನ್ನು ಊಹಿಸಿಕೊಳ್ಳಬಹುದು.

ಇಹ್ರಾಮಿನಲ್ಲಿರುವ ಗಂಡಸು ತಲೆಗೆ ಬಟ್ಟೆ ಸುತ್ತುವಂತಿಲ್ಲ, ಕೊಡೆ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಬಿಳಿಯ ಕೊಡೆಯೊಂದು ಮೂಟೆಯಲ್ಲಿರಲಿ. ಕಾಲಿಗೆ ಬೂಟು, ಕಾಲುಚೀಲಗಳಿಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿನೆಲದ ಸುಡುವಿಕೆ ತಿಳಿಯುವುದಿಲ್ಲವಾದ್ದರಿಂದ, ಮೊದಲೇ ಎರಡು ತಿಂಗಳು ತೊಟ್ಟು ಪಳಗಿಸಿದ ಮೆತ್ತನೆಯ ಚಪ್ಪಲಿ ಬೇಕು, ದಿನವೂ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಸುಗಂಧ ನಿಷಿದ್ಧವೆಂದು ಸಾಬೂನನ್ನೇ ಬಿಡುವವರುಂಟು. ವಾಸನೆಯಿಲ್ಲದ ಸಾಬೂನು ಅಂಗಡಿಗಳಲ್ಲಿ ದೊರೆಯುತ್ತದೆ. ತಲೆ ಬೋಳಿಸಿಕೊಳ್ಳುವಾಗ ಹೊಸ ಬ್ಲೇಡನ್ನು ಕಣ್ಣೆದುರಿಗೇ ಬಿಚ್ಚಿಸಬೇಕು. ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಕಾಮಾಲೆಯ ಬೀಜ ದಾಟುವುದು ಇಂತಹ ಅಲಗಿನಿಂದಲೇ. ಒಂಟೆಯ ಹಸಿಹಾಲನ್ನು ಆಸೆಪಟ್ಟು ಕುಡಿಯಬಾರದು. 2012ರಲ್ಲಿ ಪತ್ತೆಯಾದ ಮರ್ಸ್ ಎಂಬ ಶ್ವಾಸರೋಗಕ್ಕೆ ಒಂಟೆಗಳೇ ಆಶ್ರಯ. ದಿನನಿತ್ಯದ ಮಾತ್ರೆಗಳನ್ನು ಪೂರ್ತಿ ಪ್ರವಾಸಕ್ಕೆ ಸಾಲುವಷ್ಟು, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆ ಎಲ್ಲಿಯೋ ತಡೆದರೆ ಇನ್‌ಸುಲಿನ್ ಕೂಡ ತಡೆಯುತ್ತದೆ. ಗೃಹಿಣಿಯರಿಗೆ ಇನ್ನೊಂದು ಮಾತು: ಮಸಾಲೆಯ ಡಬ್ಬಿಯಲ್ಲಿ ಗಸಗಸೆ ಹೋಗದಂತೆ ನೋಡಿಕೊಳ್ಳಬೇಕು. ನಮ್ಮ ಪಾಯಸದ ಗಸಗಸೆ ಸೌದಿಯ ಕಾನೂನಿನಲ್ಲಿ ಅಫೀಮಿನ ಬಂಧು. ಅದರಿಂದ ಸೆರೆಮನೆಯ ದರ್ಶನವೂ ಆದೀತು.

ಹಿಂದಿರುಗಿ ಬಂದ ಮೇಲೆ ಬಂಧುಮಿತ್ರರು ಹಾರ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಕೆಮ್ಮು ನೆಗಡಿ ಇದ್ದವರು ಅವು ಹೋಗುವವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಎಳೆಯ ಮಕ್ಕಳಿಂದಲೂ ಬಸುರಿ ಬಾಣಂತಿಯರಿಂದಲೂ ದೂರವಿರಬೇಕು. ಜಮ್‌ಜಮ್ ನೀರನ್ನು ಒಂದೇ ಲೋಟದಿಂದ ಎಲ್ಲರೂ ಗುಟುಕರಿಸುವ ಬದಲು ಬೇರೆ ಬೇರೆ ಲೋಟಗಳಿಗೆ ಬಗ್ಗಿಸಿ ಕೊಟ್ಟರೆ ಅದರ ಪಾವಿತ್ರ್ಯಕ್ಕೆ ಕುಂದಿಲ್ಲ. ಎರಡು ವಾರದೊಳಗೆ ಹಾಜಿಗಾಗಲಿ ಮನೆಯಲ್ಲಿ ಇನ್ನಾರಿಗಾಗಲಿ ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಹೋದೊಡನೆ, ಅವರು ಕೇಳುವುದಕ್ಕೆ ಮೊದಲೇ, ಮನೆಯವರು ಹಜ್ಜಿನಿಂದ ಬಂದು ಇಷ್ಟು ದಿನವಾಯಿತೆಂದು ತಿಳಿಸಬೇಕು.